ನನ್ನ ನಾಯಕಿಯರು, ನನ್ನ ನಡುಕ

ಹದಿಹರೆಯದ ಹುಡುಗಿಯರಿಗಾಗಿ ಕಾದಂಬರಿ ಬರೆಯುವವಳು ನಾನು. ನನ್ನ ಕಥೆಗಳಲ್ಲಿ ಯುದ್ಧ ಇರುತ್ತದೆ, ದಂಗೆ ಇರುತ್ತದೆ, ಅದರ ನಡುವೆ ಹದಿನಾಲ್ಕೋ ಹದಿನೈದೋ ವರ್ಷದ ಒಬ್ಬ ಹುಡುಗಿ ಇರುತ್ತಾಳೆ. ಅವಳಿಗೆ ಕಾಲು ಬರದಿರಬಹುದು, ಕಿವಿ ಕೇಳದಿರಬಹುದು, ಆದರೆ ಹೆದರಿಕೆ ಅಂದರೇನು ಅಂತ ಮಾತ್ರ ಗೊತ್ತಿರುವುದಿಲ್ಲ. ಬರೆಯುವ ನನಗೆ ಅದೊಂದೇ ಚೆನ್ನಾಗಿ ಗೊತ್ತಿರುವುದು. ಹಲ್ಲಿಗೆ ಹೆದರುತ್ತೇನೆ, ಹೆಡ್‌ಮಾಸ್ಟರಿಗೆ ಹೆದರುತ್ತೇನೆ, ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತುವ ಮುಂಚೆ ಒಂದು ಸಲ, ಎತ್ತಿದ ಮೇಲೆ ಒಂದು ಸಲ ಹೆದರುತ್ತೇನೆ. ಹೊಟ್ಟೆಪಾಡಿಗೆ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ವರ್ಗವಾದ ಕಡೆಗೆಲ್ಲ ಬರೆಯುತ್ತಿರುವ ಕಾದಂಬರಿಯನ್ನೂ ಬ್ಯಾಗಿನಲ್ಲಿ ಹಾಕಿಕೊಂಡು ಹೋಗುತ್ತೇನೆ. ಹೋದಲ್ಲೆಲ್ಲ ಏನಾದರೊಂದು ಆಗಿಯೇ ಆಗುತ್ತದೆ. ನಾನು ಬೇಡವೆಂದರೂ ಅದು ಬಿಡುವುದಿಲ್ಲ.

೧. ಜಗಳೂರಿನಲ್ಲಿ ಯುದ್ಧ

ಮೊದಲ ಕಾದಂಬರಿ ಬರೆಯುತ್ತಿದ್ದಾಗ ಜಗಳೂರು ಕಡೆಯ ಒಂದು ಹಳ್ಳಿಯಲ್ಲಿದ್ದೆ. ಒಂದು ಮಧ್ಯಾಹ್ನ ಒಂಬತ್ತನೇ ಕ್ಲಾಸಿಗೆ ಕೊನೇ ಪಿರಿಯಡ್ ಖಾಲಿ ಇತ್ತು. ಮಕ್ಕಳು ಗಲಾಟೆ ಮಾಡದಿರಲಿ ಎಂದು ನನ್ನ ಮೊದಲ ಅಧ್ಯಾಯ ಓದಿದೆ. ಗಡಿಯ ಒಂದು ಊರು. ಸೈರನ್ ಕೂಗುತ್ತದೆ. ಜನ ಅಕ್ಕಿ, ಬೆಂಕಿಪೊಟ್ಟಣ ಕೂಡಿಟ್ಟು, ಹಿತ್ತಲಲ್ಲಿ ಗುಂಡಿ ತೋಡಿ ಮಕ್ಕಳನ್ನು ಅಡಗಿಸುತ್ತಾರೆ. ಓದಿ ಮುಗಿಸಿದಾಗ ಕ್ಲಾಸಿನಲ್ಲಿ ಒಂದು ಪಿಸುಮಾತೂ ಇಲ್ಲ. ನನಗೆ ಒಳಗೊಳಗೇ ಖುಷಿ.

ಮರುದಿನ ಬಂದರೆ ಅರ್ಧ ಕ್ಲಾಸು ಖಾಲಿ. ಗೇಟಿನ ಹತ್ತಿರ ಮೂವತ್ತು ನಲವತ್ತು ಜನ ಸೇರಿದ್ದಾರೆ. ಹೆಡ್‌ಮಾಸ್ಟರು ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತಾ, "ಏನ್ ಮೇಡಂ, ಯುದ್ಧ ಶುರುವಾಗೈತೆ ಅಂತ ಮಕ್ಕಳಿಗೆ ಹೇಳಿದ್ರಂತೆ?" ಅಂದರು.

ಆಗಿದ್ದು ಇಷ್ಟು. ಒಬ್ಬ ಹುಡುಗಿ ಮನೆಗೆ ಹೋಗಿ ಅಜ್ಜಿಗೆ ಸುದ್ದಿ ಮುಟ್ಟಿಸಿದ್ದಾಳೆ. ಅಜ್ಜಿ ಊರಿಗೆ ಮುಟ್ಟಿಸಿದ್ದಾಳೆ. ಸಂಜೆಯೊಳಗೆ ಅಂಗಡಿಯಲ್ಲಿ ಅಕ್ಕಿಯೂ ಇಲ್ಲ, ಬೆಂಕಿಪೊಟ್ಟಣವೂ ಇಲ್ಲ. ಟಿವಿಯಲ್ಲಿ ಏನೂ ಹೇಳುತ್ತಿಲ್ಲವಲ್ಲ ಎಂದವರಿಗೆ ಅಜ್ಜಿಯೇ, "ಟಿವಿಯೋರು ಮುಚ್ಚಿಟ್ಟಾರೆ. ಮೇಡಮ್ಮೋರು ಪುಸ್ತಕದಾಗೆ ನೋಡ್ಕಂಡು ಹೇಳ್ಯಾರೆ" ಎಂದು ಬಾಯಿ ಮುಚ್ಚಿಸಿದ್ದಾಳೆ.

ನನ್ನ ಕೆಲಸ ಹೋಯಿತು ಅಂದುಕೊಂಡೆ. ಹೆಂಗೋ ಗೇಟಿನ ತನಕ ಹೋಗಿ, ಕೈ ಮುಗಿದು, "ಯುದ್ಧ ಇಲ್ಲ, ಏನೂ ಇಲ್ಲ. ಅದು ನಾನೇ ಕಟ್ಟಿದ ಕಥೆ" ಅಂದೆ. ಜನ ಬೈದರು. ಬೈದು ಸುಸ್ತಾದ ಮೇಲೆ ನಕ್ಕರು. ಆಮೇಲೆ ಒಬ್ಬೊಬ್ಬರೇ ಹೊರಟರು. ಅಜ್ಜಿ ಮಾತ್ರ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತೇ ಇದ್ದಳು.

"ಅಲ್ಲವ್ವಾ, ನಮ್ಮ ಹಿತ್ತಲು ಬರೀ ಕಲ್ಲು. ಮಗನ್ನ ಬೈದು ಬೈದು ಎದೆಮಟ್ಟ ಗುಂಡಿ ತೋಡಿಸೀನಿ. ಈಗ ಅದನ್ನೇನ್ ಮಾಡ್ಲಿ?"

"ತೆಂಗಿನ ಸಸಿ ಇಡ್ರಿ ಅಜ್ಜಿ."

"ನೀರು?"

ಜಗಳೂರು ಬರದ ಸೀಮೆ ಅನ್ನುವುದನ್ನೇ ಮರೆತಿದ್ದೆ. ಅಜ್ಜಿಯೇ ದಾರಿ ಹೇಳಿದಳು, "ಹಂಗಾರೆ ಇವತ್ತು ಊರಿಗೆ ಹೊಳೆ ಬಂತು ಅಂತ ಒಂದು ಪಾಠ ಓದವ್ವ. ನೀನು ಓದಿದ್ದು ಸಂಜೆಯೊಳಗೆ ಊರಿಗೆ ಬರ್ತೈತೆ."

೨. ಚನ್ನಗಿರಿಯಲ್ಲಿ ಊರುಗೋಲು

ಎರಡನೇ ಕಾದಂಬರಿಯ ಹುಡುಗಿಗೆ ಹುಟ್ಟಿನಿಂದ ಒಂದು ಕಾಲಲ್ಲಿ ಶಕ್ತಿ ಇಲ್ಲ. ಊರುಗೋಲು ಹಿಡಿದುಕೊಂಡೇ ಶತ್ರುಗಳ ನಡುವೆ ಗುಟ್ಟಿನ ಪತ್ರ ಸಾಗಿಸುತ್ತಾಳೆ. ಪುಸ್ತಕ ಅಚ್ಚಾಗಿ ಬರುವ ಹೊತ್ತಿಗೆ ನನಗೆ ಚನ್ನಗಿರಿ ಕಡೆಗೆ ವರ್ಗವಾಯಿತು. ಹೋಗಿ ನೋಡಿದರೆ ಹತ್ತನೇ ಕ್ಲಾಸಿನ ಮೊದಲ ಬೆಂಚಿನಲ್ಲಿ, ಉಬ್ರಾಣಿಯಿಂದ ಬಸ್ಸಿನಲ್ಲಿ ಬರುವ ಒಬ್ಬ ಹುಡುಗಿ ಊರುಗೋಲನ್ನು ಗೋಡೆಗೆ ಒರಗಿಸಿ ಕೂತಿದ್ದಾಳೆ.

ಇವಳು ಓದಿದರೆ? ನೊಂದುಕೊಂಡರೆ? ಅಪ್ಪ ಅಮ್ಮ ಬಂದು, ನಮ್ಮ ಮಗಳ ಕಾಲಿನ ಮೇಲೆ ಕಥೆ ಬರೀತೀರೇನ್ರೀ ಎಂದು ಕೇಳಿದರೆ? ಪುಸ್ತಕವನ್ನು ಶಾಲೆಯ ಲೈಬ್ರರಿಗೂ ಕೊಡದೆ ಸ್ಟಾಫ್ ರೂಮಿನ ನನ್ನ ಡ್ರಾಯರಿನ ತಳದಲ್ಲಿ ಹಾಜರಿ ಪುಸ್ತಕಗಳ ಕೆಳಗೆ ಮುಚ್ಚಿಟ್ಟೆ.

ಒಂದು ದಿನ ಡ್ರಾಯರ್ ಎಳೆದರೆ ಪುಸ್ತಕ ಇಲ್ಲ. ವಿಚಾರಿಸಿದರೆ ಗಣಿತದ ಮೇಷ್ಟ್ರು ನಗುನಗುತ್ತಾ, "ಆ ಹುಡುಗಿಗೆ ಸ್ಫೂರ್ತಿಯಾಗ್ಲಿ ಅಂತ ನಾನೇ ಕೊಟ್ಟೆ ಮೇಡಂ" ಅಂದರು. ಅವತ್ತಿಂದ ಮೂರು ದಿನ ಹುಡುಗಿ ಶಾಲೆಗೆ ಬರಲಿಲ್ಲ. ಆ ಮೂರು ದಿನ ನನಗೆ ಅನ್ನ ಸೇರಲಿಲ್ಲ. ಯಾರಾದರೂ ಗೇಟು ತಳ್ಳಿದ ಸದ್ದಾದರೆ ಅವಳ ಅಪ್ಪನೇ ಬಂದ ಅನ್ನಿಸುತ್ತಿತ್ತು.

ನಾಲ್ಕನೇ ದಿನ ಟಕ್ ಟಕ್ ಅಂತ ಕೋಲಿನ ಸದ್ದು ಸ್ಟಾಫ್ ರೂಮಿನ ಬಾಗಿಲಿಗೇ ಬಂತು. ಕೈಯಲ್ಲಿ ಪುಸ್ತಕ, ಅಲ್ಲಲ್ಲಿ ಪುಟದ ಮೂಲೆ ಮಡಚಿದ್ದಾಳೆ.

"ಯಾಕಮ್ಮ ಬರಲಿಲ್ಲ? ಹುಷಾರಿರಲಿಲ್ವಾ?" ಅಂದೆ.

"ಅಕ್ಕನ ಮದುವೆ ಇತ್ತು ಮೇಡಂ. ಉಗ್ರಾಣದಾಗೆ ಕುಂತು ಎರಡು ಸಲ ಓದ್ದೆ."

"ಬೇಜಾರಾಯ್ತಾ?"

"ಆಯ್ತು. ಈ ಹುಡುಗಿ ಕಾಲಿಗೋಸ್ಕರ ಎಂಟು ಸಲ ಅಳ್ತಾಳೆ. ನಾನು ಕಾಲಿಗೋಸ್ಕರ ಯಾವತ್ತೂ ಅತ್ತಿಲ್ಲ. ಗಣಿತಕ್ಕೆ ಅತ್ತೀನಿ."

ಗಣಿತದ ಮೇಷ್ಟ್ರು ಪೇಪರಿನ ಹಿಂದೆ ಮುಖ ಮರೆಸಿಕೊಂಡರು. ಹುಡುಗಿ ಮಡಚಿದ್ದ ಪುಟ ಬಿಡಿಸಿ ನನ್ನ ಮುಂದಿಟ್ಟಳು. "ಇಲ್ಲಿ ನೋಡ್ರಿ. ಊರುಗೋಲು ಊರ್ಕಂಡು ಮೆಟ್ಟಿಲು ಇಳೀತಾಳೆ. ಬಲಗೈಯಾಗೆ ಪಿಸ್ತೂಲು ಹಿಡಿದಾಳೆ, ಎಡಗೈಯಾಗೆ ಲಾಟೀನು ಹಿಡಿದಾಳೆ. ಕೋಲು ಯಾರ ಕೈಯಾಗೈತೆ?"

ಓದಿದೆ. ಮತ್ತೊಮ್ಮೆ ಓದಿದೆ. ಆ ಅಧ್ಯಾಯವನ್ನು ನಾನು ಆರು ಸಲ ತಿದ್ದಿ ಬರೆದಿದ್ದೆ.

ಹುಡುಗಿ ಬಹಳ ಮರ್ಯಾದೆಯಿಂದಲೇ ಕೇಳಿದಳು, "ನಿಮ್ಮ ಹುಡುಗಿಗೆ ಒಂದು ಕಾಲು ಬರಲ್ಲ ಅಂತ ಪುಸ್ತಕದ ತುಂಬ ಹೇಳೀರಿ ಮೇಡಂ. ಒಂದು ಕೈ ಜಾಸ್ತಿ ಐತೆ ಅನ್ನೋದನ್ನ ಯಾಕೆ ಮುಚ್ಚಿಟ್ರಿ?"

೩. ನ್ಯಾಮತಿಯಲ್ಲಿ ದಂಗೆ

ಮೂರನೇ ಕಾದಂಬರಿ ದಂಗೆಯದು. ನಾಯಕಿಗೆ ಕಿವಿ ಕೇಳುವುದಿಲ್ಲ. ಸೇನಾಪತಿ ಎಷ್ಟು ಗದರಿದರೂ ಅವಳಿಗೆ ಕೇಳಿಸದ ಕಾರಣ ಅವಳು ಕದಲುವುದಿಲ್ಲ. ಊರಿನ ಹುಡುಗಿಯರೆಲ್ಲ ಅವಳ ಹಿಂದೆ ಬಾಯಿ ಬಿಡದೆ ಕೂತು ಕೋಟೆಯ ಬಾಗಿಲು ತೆಗೆಸುತ್ತಾರೆ.

ಆಗ ನಾನಿದ್ದದ್ದು ನ್ಯಾಮತಿ ತಾಲ್ಲೂಕಿನ ಒಂದು ಶಾಲೆ. ಸೂರಗೊಂಡನಕೊಪ್ಪದ ಕಡೆಯಿಂದೆಲ್ಲ ಹುಡುಗಿಯರು ನಡೆದು ಬರುತ್ತಿದ್ದರು. ಹುಡುಗಿಯರಿಗೆ ಶೌಚಾಲಯ ಎರಡಿದ್ದವು. ಒಂದಕ್ಕೆ ಬಾಗಿಲಿರಲಿಲ್ಲ. ಇನ್ನೊಂದಕ್ಕೆ ಬಾಗಿಲೂ ಇತ್ತು, ಬೀಗವೂ ಇತ್ತು, ಬೀಗದ ಕೈ ಹೆಡ್‌ಮಾಸ್ಟರ ಜೇಬಿನಲ್ಲಿತ್ತು. ತಪಾಸಣೆಗೆ ಬರುವ ಸಾಹೇಬರಿಗೆ ಅದು ಚೊಕ್ಕಟವಾಗಿ ಕಾಣಬೇಕಲ್ಲ! ಹುಡುಗಿಯರು ಇಡೀ ದಿನ ನೀರು ಕುಡಿಯುತ್ತಿರಲಿಲ್ಲ. ಇದು ನನಗೆ ಒಂದು ವರ್ಷದಿಂದ ಗೊತ್ತಿತ್ತು. ಹೆಡ್‌ಮಾಸ್ಟರ ರೂಮಿನ ಬಾಗಿಲವರೆಗೆ ನಾಲ್ಕು ಸಲ ಹೋಗಿ, ಸೀಮೆಸುಣ್ಣ ಬೇಕಿತ್ತು ಎಂದು ಹೇಳಿ ವಾಪಸ್ ಬಂದಿದ್ದೆ. ನನ್ನ ಮನೆಯಲ್ಲಿ ಈಗಲೂ ಸೀಮೆಸುಣ್ಣ ಇದೆ.

ಒಂದು ಸೋಮವಾರ ಪ್ರಾರ್ಥನೆ ಮುಗಿದರೂ ಹುಡುಗಿಯರು ಕ್ಲಾಸಿಗೆ ಹೋಗಲಿಲ್ಲ. ಶೌಚಾಲಯದ ಬೀಗ ತೆಗೆಯಿರಿ ಎಂದು ಬರೆದ ಹಾಳೆ ಹಿಡಿದು ಎಂಬತ್ತು ಜನ ಮೈದಾನದಲ್ಲಿ ಕೂತುಬಿಟ್ಟರು. ಹೆಡ್‌ಮಾಸ್ಟರು ಗದರಿದರು. ಪಿ.ಟಿ. ಮೇಷ್ಟ್ರು ಸೀಟಿ ಊದಿದರು. ಎಂಬತ್ತು ಜನ ಕಿವಿ ತೋರಿಸಿ, ಕೇಳಿಸುತ್ತಿಲ್ಲ ಎಂದು ಕೈಯಾಡಿಸಿದರು. ಅಷ್ಟರಲ್ಲಿ ಒಬ್ಬಳ ಮಡಿಲಲ್ಲಿದ್ದ ಪುಸ್ತಕ ಹೆಡ್‌ಮಾಸ್ಟರ ಕೈಗೆ ಸಿಕ್ಕಿತು. ತಿರುಗಿಸಿದರು. ಹಿಂದುಗಡೆ ನನ್ನ ಫೋಟೋ.

"ಇದು ನೀವೇ ಅಲ್ವೇನ್ರೀ?"

ಫೋಟೋದಲ್ಲಿ ನನ್ನ ತಂಗಿಯ ಕನ್ನಡಕ ಹಾಕಿಕೊಂಡಿದ್ದೆ. ಅಲ್ಲ ಅನ್ನಲೇ ಎಂದು ಒಂದು ಕ್ಷಣ ಯೋಚಿಸಿದ್ದೂ ನಿಜ.

"ಹನ್ನೊಂದಕ್ಕೆ ಸಾಹೇಬ್ರು ಬರ್ತಾರೆ. ನೀವು ಹಚ್ಚಿದ ಬೆಂಕಿ, ನೀವೇ ಆರಿಸ್ರಿ" ಅಂದರು.

ಮೈದಾನದ ನಡುವೆ ಹೋಗಿ ನಿಂತೆ. ಹಿಂದೆ ಹೆಡ್‌ಮಾಸ್ಟರು, ಮುಂದೆ ಎಂಬತ್ತು ಜೊತೆ ಕಣ್ಣು. "ಎದ್ದು ಕ್ಲಾಸಿಗೆ ಹೋಗ್ರಮ್ಮ, ನಾನು ಸರ್ ಹತ್ರ ಮಾತಾಡ್ತೀನಿ" ಅಂದೆ. ಮುಂದೆ ಕೂತಿದ್ದ ಹುಡುಗಿ ಇನ್ನೊಂದು ಪ್ರತಿ ತೆಗೆದು ಹನ್ನೆರಡನೇ ಅಧ್ಯಾಯದ ಒಂದು ಸಾಲಿನ ಮೇಲೆ ಬೆರಳಿಟ್ಟಳು. ಸಂಧಾನಕ್ಕೆ ಬಂದ ಮಾಸ್ತರಮ್ಮ ಮೊದಲೇ ಸೇನಾಪತಿಯ ಕಡೆ ಸೇರಿದ್ದಳು, ಎಂದಿತ್ತು. ಬರೆದವಳು ನಾನೇ.

ಬಿಸಿಲೋ, ನಾಚಿಕೆಯೋ, ಭಯವೋ, ಕಣ್ಣಿಗೆ ಕತ್ತಲು ಬಂತು. ಅಲ್ಲೇ ಹುಡುಗಿಯರ ಪಕ್ಕದಲ್ಲಿ ಕುಸಿದು ಕೂತೆ. ಟೀಚರೇ ಕೂತದ್ದು ನೋಡಿ ಹೆಡ್‌ಮಾಸ್ಟರ ಮುಖ ಬಿಳಿಚಿತು. ಗಡಿಯಾರ ನೋಡಿಕೊಂಡರು, ಜೇಬಿಗೆ ಕೈ ಹಾಕಿದರು, ಬೀಗದ ಕೈ ತೆಗೆದು ಮುಂದಿನ ಹುಡುಗಿಯ ಕೈಗೆ ಕೊಟ್ಟೇಬಿಟ್ಟರು. ಆ ಬೀಗ ಮತ್ತೆ ಬೀಳಲಿಲ್ಲ.

ಹುಡುಗಿಯರು ಇವತ್ತಿಗೂ ಸಿಕ್ಕಲ್ಲೆಲ್ಲ, "ಅವತ್ತು ನೀವು ನಮ್ಮ ಜೊತೆ ಕುಂತಿದ್ದಕ್ಕೇ ಗೆದ್ವಿ ಮೇಡಂ" ಅನ್ನುತ್ತಾರೆ. ನನಗೆ ತಲೆ ಸುತ್ತು ಬಂದಿತ್ತು ಎಂದು ಹೇಳುವ ಧೈರ್ಯ ಇನ್ನೂ ಬಂದಿಲ್ಲ.

೪. ಹೊನ್ನಾಳಿಯಲ್ಲಿ ಸೇತುವೆ

ನಾಲ್ಕನೇ ಕಾದಂಬರಿಯ ನಾಯಕಿಗೆ ಕಣ್ಣು ಕಾಣುವುದಿಲ್ಲ. ಕೊನೆಯ ಅಧ್ಯಾಯವೊಂದು ಬಾಕಿ ಇತ್ತು. ಬೆಳಿಗ್ಗೆ ಸಾಸ್ವೆಹಳ್ಳಿಯಲ್ಲಿ ಬಸ್ಸು ಹತ್ತಿ ಹೊನ್ನಾಳಿಗೆ ಹೊರಟಿದ್ದೆ, ಹಸ್ತಪ್ರತಿ ತೊಡೆಯ ಮೇಲಿತ್ತು. ಪುಸ್ತಕ ಪ್ರಕಟಿಸುವವರ ಫೋನ್ ಬಂತು. ಅವರಿಗೆ ನನ್ನ ಮಾತು ಸರಿಯಾಗಿ ಕೇಳುತ್ತಿಲ್ಲ, ಹಾಗಾಗಿ ಕೂಗಿಯೇ ಹೇಳಿದೆ.

"ಸೇತುವೆ ಶುಕ್ರವಾರದೊಳಗೆ ಉಡಾಯಿಸ್ತೀನಿ ಸಾರ್! ಬಾಂಬ್ ಎಲ್ಲಾ ಇಟ್ಟಾಗಿದೆ! ಹುಡುಗಿನಾ? ಅವಳು ಸಾಯಲೇಬೇಕು, ಬೇರೆ ದಾರಿ ಇಲ್ಲ! ಮಕ್ಕಳು ಅತ್ರೆ ಅಳಲಿ ಬಿಡಿ!"

ಫೋನ್ ಇಟ್ಟು ನೋಡಿದರೆ ಪಕ್ಕದ ಸೀಟಿನ ಹೆಂಗಸು ಇಲ್ಲ. ಮುಂದಿನ ಸೀಟೂ ಖಾಲಿ. ಎಲ್ಲರೂ ಡ್ರೈವರ್ ಹತ್ತಿರ ಒತ್ತಿಕೊಂಡು ನಿಂತಿದ್ದಾರೆ. ಬಸ್ಸು ಮುಂದಿನ ಯಾವ ಸ್ಟಾಪಿನಲ್ಲೂ ನಿಲ್ಲಲಿಲ್ಲ. ನಿಂತದ್ದು ಪೊಲೀಸ್ ಠಾಣೆಯ ಮುಂದೆ. ಕಂಡಕ್ಟರು ದೂರದಿಂದಲೇ ನನ್ನ ಕಡೆ ಬೆರಳು ತೋರಿಸಿ, "ಈಯಮ್ಮ ನಮ್ಮ ಹೊಳೆ ಸೇತುವೆ ಹಾರಿಸ್ತಾಳಂತೆ ಸಾರ್" ಅಂದರು.

ಒಳಗೆ ಕೂರಿಸಿದರು. ಕಥೆ ಸಾರ್, ಕಥೆ ಸಾರ್ ಎನ್ನುವುದರ ಹೊರತು ನನ್ನ ಬಾಯಲ್ಲಿ ಬೇರೆ ಮಾತು ಬರಲಿಲ್ಲ. ಇನ್‌ಸ್ಪೆಕ್ಟರು ಎಲ್ಲಿಗೋ ಹೊರಟಿದ್ದವರು, ಹಸ್ತಪ್ರತಿಯನ್ನು ಒಬ್ಬ ಮಹಿಳಾ ಪೇದೆಯ ಕೈಗೆ ಕೊಟ್ಟು, "ಇದನ್ನ ಪೂರ್ತಿ ಓದಿ ಏನೈತೆ ನೋಡ್ರಿ" ಎಂದು ಹೋದರು. ಆಕೆ ಓದಲು ಕೂತರು. ನಾನು ಎದುರಿನ ಬೆಂಚಿನ ಮೇಲೆ ಕೂತೆ. ಹನ್ನೆರಡಾಯಿತು, ಒಂದಾಯಿತು. ಆಕೆ ಬುತ್ತಿ ಬಿಚ್ಚಲಿಲ್ಲ. ಎರಡರ ಹೊತ್ತಿಗೆ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. ಅಷ್ಟು ಕೆಟ್ಟ ಅಪರಾಧವೇ ನನ್ನದು ಅಂದುಕೊಂಡೆ.

ಇನ್‌ಸ್ಪೆಕ್ಟರು ವಾಪಸ್ ಬಂದರು. "ಏನ್ರೀ, ಕೇಸ್ ಏನಾದ್ರೂ ಐತಾ?"

"ಐತೆ ಸಾರ್. ಆ ಸೇನಾಪತಿ ಮೇಲೆ ಹಾಕಬೇಕು. ಹದಿನೈದು ವರ್ಷದ ಹುಡುಗೀನ ಕೂಡಿ ಹಾಕ್ಯಾನೆ."

"ಯಾವ ಸೇನಾಪತಿ?"

"ನೂರಾ ಮೂವತ್ತನೇ ಪುಟದಾಗೆ ಬರ್ತಾನೆ ಸಾರ್."

ಇನ್‌ಸ್ಪೆಕ್ಟರು ಆಕೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಜೋರಾಗಿ ನಕ್ಕರು. "ಹೋಗ್ರಮ್ಮ. ಇನ್ಮೇಲೆ ಬಸ್ಸಿನಾಗೆ ಮೆಲ್ಲಗೆ ಬಾಂಬ್ ಹಾಕ್ರಿ" ಎಂದು ಒಳಗೆ ಹೋದರು. ಬದುಕಿದೆ ಎಂದು ನಾನು ಎದ್ದೆ. ಪೇದೆಯಮ್ಮ ಬಾಗಿಲಿಗೆ ಅಡ್ಡ ಬಂದು ನಿಂತರು.

"ಕೊನೇ ಅಧ್ಯಾಯ ಎಲ್ಲಿ?"

"ಇನ್ನೂ ಬರೆದಿಲ್ಲ."

"ಹುಡುಗಿ ಸಾಯಲೇಬೇಕು ಅಂತ ಬಸ್ಸಿನಾಗೆ ಹೇಳಿದ್ರಂತೆ?" ಆಕೆಯ ದನಿ ಸಣ್ಣಗಾಯಿತು. "ನನ್ನ ತಂಗಿಗೂ ಕಣ್ಣು ಕಾಣಲ್ಲ ಮೇಡಂ. ಹೈಸ್ಕೂಲು ಓದ್ತಾಳೆ. ಸಂಜೆ ಮನೆಗೆ ಹೋಗಿ ಈ ಕಥೆ ಪೂರಾ ಅವಳಿಗೆ ಹೇಳೋಳಿದ್ದೆ. ಏನಂತ ಮುಗಿಸ್ಲಿ?"

ಆಕೆ ನನ್ನನ್ನು ಮೆಲ್ಲಗೆ ಬೆಂಚಿಗೆ ಹಿಂದಿರುಗಿಸಿ, ಹೇಳಿಕೆ ಬರೆಸಿಕೊಳ್ಳುವ ಉದ್ದ ಹಾಳೆ ನಾಲ್ಕು, ಒಂದು ಪೆನ್ನು ತಂದಿಟ್ಟರು. "ಕುಂತ್ಕಂಡು ಬರೀರಿ. ಆ ಹುಡುಗಿಗೆ ಏನಾದ್ರೂ ಆದ್ರೆ ನಿಮ್ಮನ್ನ ಬಿಡಲ್ಲ."

ಬರೆದೆ. ಸೇತುವೆ ಬಿತ್ತು. ಹುಡುಗಿ ನೀರಿಗೆ ಬಿದ್ದಳು. ನೀರಿನ ಸದ್ದಿನಿಂದಲೇ ದಡ ಯಾವ ಕಡೆ ಎಂದು ತಿಳಿದು ಈಜಿ ದಾಟಿದಳು. ಪೇದೆಯಮ್ಮ ನನ್ನ ಭುಜದ ಮೇಲಿಂದ ಓದುತ್ತಲೇ ಇದ್ದರು. "ಒದ್ದೆ ಬಟ್ಟೆಯಾಗೆ ಅದಾಳೆ, ಯಾರಾದ್ರೂ ಒಂದು ಕಂಬಳಿ ಕೊಡ್ಲಿ" ಅಂದರು. ಕಂಬಳಿ ಕೊಡಿಸಿದೆ. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಪಾಪ." ರೊಟ್ಟಿ ಕೊಡಿಸಿದೆ. ಸೇನಾಪತಿಗೆ ಕೋಳ ತೊಡಿಸಿದ ಮೇಲೆಯೇ ಆಕೆಗೆ ಸಮಾಧಾನ. ಕೊನೆಗೆ ಪ್ರತಿ ಹಾಳೆಯ ಕೆಳಗೂ ನನ್ನ ಸಹಿ ಹಾಕಿಸಿಕೊಂಡು, ಒಂದು ಪ್ರತಿ ಜೆರಾಕ್ಸ್ ಮಾಡಿಸಿ ಇಟ್ಟುಕೊಂಡರು. ಆಮೇಲೆ ನಾನು ಮಾತು ಬದಲಿಸಬಾರದಲ್ಲ!

ಪುಸ್ತಕ ಬಂದಾಗ ಎಲ್ಲರೂ ಹೊಗಳಿದ್ದು ಆ ಕೊನೆಯ ಅಧ್ಯಾಯವನ್ನೇ. ಹೊನ್ನಾಳಿಯಲ್ಲೇ ಒಂದು ಸಣ್ಣ ಸಮಾರಂಭವಾಯಿತು. ಅಧ್ಯಕ್ಷತೆ ವಹಿಸಿದ್ದ ಹಿರಿಯರು ಮೈಕ್ ಹಿಡಿದು, "ಸಾವಿನ ಬಾಯಿಂದ ನಾಯಕಿಯನ್ನ ಬದುಕಿಸಿ ತಂದಿರಲ್ಲ ತಾಯಿ, ಇಷ್ಟು ದೊಡ್ಡ ಜೀವನಪ್ರೀತಿಗೆ ನಿಮಗೆ ಪ್ರೇರಣೆ ಯಾರು?" ಎಂದು ಕೇಳಿದರು.

"ಪೊಲೀಸ್ ಇಲಾಖೆ" ಅಂದೆ.

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಮೂರನೇ ಸಾಲಿನಲ್ಲಿ ತಂಗಿಯ ಕೈ ಹಿಡಿದು ಕೂತಿದ್ದ ಒಬ್ಬರು ಮಾತ್ರ ನಗಲಿಲ್ಲ. ಹೌದು, ಸರಿಯಾಗಿ ಹೇಳಿದ್ರಿ ಅನ್ನುವ ಹಾಗೆ ತಲೆಯಾಡಿಸಿದರು.