ನೀಲವ್ವ ಉರ್ಫ್ ಸವಿತಾ

ಪರದೇಶದಲ್ಲಿ ಇರುವವನು ಊರಿನಿಂದ ಏನನ್ನು ಬೇಕಾದರೂ ತರಿಸಿಕೊಳ್ಳಬಹುದು ಎಂದು ನಾನು ಬಹಳ ವರ್ಷ ನಂಬಿದ್ದೆ. ಮಸ್ಕತ್ತಿನ ನಮ್ಮ ಅಡುಗೆಮನೆಯಲ್ಲಿ ಈಗಲೂ ಮುಧೋಳದ ಶೇಂಗಾ ಚಟ್ನಿ ಇದೆ, ಜಮಖಂಡಿಯ ಬೆಲ್ಲ ಇದೆ, ಕಟಕ ರೊಟ್ಟಿ ಇದೆ. ರೊಟ್ಟಿ ಪುಡಿಯಾಗಿ ಬರುತ್ತದೆ, ಆದರೆ ಬರುತ್ತದೆ. ಬರಲು ಒಲ್ಲೆನ್ನುವುದು ಕಾಗದ ಮಾತ್ರ. ಒಂದು ಹಾಳೆ, ಅದರ ಮೇಲೊಂದು ಸರ್ಕಾರಿ ಮೊಹರಿನ ದುಂಡು ಸಿಕ್ಕಾ, ಕೆಳಗೆ ಓದಲಾಗದ ಒಂದು ಸಹಿ. ರೊಟ್ಟಿಗಿಂತ ಹಗುರವಾದ ಈ ವಸ್ತು ಸಮುದ್ರ ದಾಟಲು ಎಷ್ಟು ಹಟ ಮಾಡುತ್ತದೆ ಎಂಬುದು ಹೆಂಡತಿ ತೀರಿಕೊಂಡ ಮೇಲೆ ನನಗೆ ಗೊತ್ತಾಯಿತು.

ನಾನು ಬನಹಟ್ಟಿಯವನು. ನೇಕಾರರ ಮನೆಯಲ್ಲಿ ಹುಟ್ಟಿ, ಮಗ್ಗದ ಸದ್ದಿನಲ್ಲಿ ಬೆಳೆದು, ಈಗ ಇಲ್ಲಿನ ಒಂದು ಬಟ್ಟೆ ಅಂಗಡಿಯಲ್ಲಿ ಬೇರೆಯವರು ನೇಯ್ದದ್ದನ್ನು ಅಳೆದು ಕೊಡುತ್ತೇನೆ. ಹೆಂಡತಿ ಮುಧೋಳದವಳು. ಹೋದ ವರ್ಷ ಕಾಯಿಲೆ ಬಿದ್ದು ಇಲ್ಲಿಯೇ ತೀರಿಕೊಂಡಳು. ಅದನ್ನು ಹೆಚ್ಚು ಬರೆಯುವುದಿಲ್ಲ, ಬರೆಯಲು ಬರುವುದೂ ಇಲ್ಲ. ಉಳಿದವರು ನಾನು ಮತ್ತು ಒಂಬತ್ತನೇ ತರಗತಿಯಲ್ಲಿರುವ ಮಗಳು ಪಲ್ಲವಿ. ಅವಳ ಪಾಸ್‌ಪೋರ್ಟಿನ ಅವಧಿ ಮುಗಿಯುತ್ತ ಬಂದಿತ್ತು. ಅದು ಹೊಸದಾಗದಿದ್ದರೆ ಇಲ್ಲಿ ಇರುವ ಪರವಾನಗಿ ಹೊಸದಾಗುವುದಿಲ್ಲ. ಪರವಾನಗಿ ಇಲ್ಲದಿದ್ದರೆ ಅವಳು ಮುಧೋಳಕ್ಕೆ, ಸೋದರಮಾವನ ಮನೆಗೆ ಹೋಗಬೇಕು. ಅವಳು ಅಲ್ಲಿ, ನಾನು ಇಲ್ಲಿ. ಅವ್ವ ಹೋದ ಬೆನ್ನಿಗೇ ಅಪ್ಪನೂ ಫೋನಿನೊಳಗೆ ಹೋಗಿ ಕೂಡುವುದು ಅವಳಿಗೆ ಬೇಡವಾಗಿತ್ತು. ನನಗಂತೂ ಅದನ್ನು ನೆನೆಯುವ ಧೈರ್ಯವೂ ಇರಲಿಲ್ಲ.

ಪಾಸ್‌ಪೋರ್ಟ್ ಅರ್ಜಿ ತೆಗೆದುಕೊಳ್ಳುವ ಕಿಟಕಿಯ ಹಿಂದೆ ಕೂತ ಹೆಣ್ಣುಮಗಳು ಮೃದು ಮಾತಿನವಳು. ಮಕ್ಕಳ ಪಾಸ್‌ಪೋರ್ಟಿಗೆ ತಂದೆತಾಯಿ ಇಬ್ಬರ ಒಪ್ಪಿಗೆಯೂ ಬೇಕು, ಒಬ್ಬರು ಇಲ್ಲದಿದ್ದರೆ ಮರಣ ಪ್ರಮಾಣಪತ್ರ ಬೇಕು ಎಂದಳು. ಕೊಟ್ಟೆ. ನೋಡಿ ನೊಂದುಕೊಂಡಳು. ಆಮೇಲೆ ಮಗಳ ಜನನ ಪ್ರಮಾಣಪತ್ರವನ್ನು ಅದರ ಪಕ್ಕಕ್ಕಿಟ್ಟು, ಇನ್ನಷ್ಟು ಮೃದುವಾಗಿ ಹಿಂದಿಯಲ್ಲಿ ಕೇಳಿದಳು, ತೀರಿಕೊಂಡವರು ನಿಮ್ಮ ಎರಡನೇ ಹೆಂಡತಿಯೇ ಎಂದು. ಸತ್ತವಳು ಸವಿತಾ, ಹುಡುಗಿಯ ತಾಯಿ ನೀಲವ್ವ. ಆದ್ದರಿಂದ ನೀಲವ್ವನವರ ಒಪ್ಪಿಗೆ ಪತ್ರ ತನ್ನಿ ಎಂದಳು. ಒಂದು ಸಂಸಾರ ನಡೆಸಲು ಏದುಸಿರು ಬಿಟ್ಟವನು ನಾನು. ಆ ಕಿಟಕಿಯ ಎದುರು ಎರಡು ಸಂಸಾರದ ಯಜಮಾನನಾಗಿ ನಿಂತೆ. ಹಿಂದೆ ಸಾಲಿನಲ್ಲಿದ್ದ ಒಬ್ಬರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಇವನಿಗೆ ಹೇಗೆ ಇಬ್ಬರು ಸಿಕ್ಕರು ಎಂಬ ಪ್ರಶ್ನೆ ಅವರ ಮುಖದಲ್ಲಿ ಇತ್ತು.

ನಮ್ಮ ಕಡೆ ಅನೇಕ ಮನೆಗಳಲ್ಲಿ ಮದುವೆಯಾಗಿ ಬಂದ ಹೆಣ್ಣಿಗೆ ಹೊಸ ಹೆಸರಿಡುವ ರೂಢಿ ಇದೆ. ತಾಟಿನಲ್ಲಿ ಅಕ್ಕಿ ಹರವಿ, ಗಂಡನ ಕೈಗೆ ಉಂಗುರ ಕೊಟ್ಟು ಬರೆಸುತ್ತಾರೆ. ನೀಲವ್ವನ ಗಂಡನಾದ ನಾನು 'ಸವಿತಾ' ಎಂದು ಬರೆದೆ. ಮರುದಿನ ಆ ಅಕ್ಕಿಯನ್ನು ಅನ್ನ ಮಾಡಿ ಉಂಡೆವು. ಹೆಸರು ಬದಲಾದದ್ದಕ್ಕೆ ಇದ್ದ ದಾಖಲೆ ಅದೊಂದೇ. ಬನಹಟ್ಟಿಯ ಕಾಗದಗಳಲ್ಲೆಲ್ಲ ಅವಳು ಸವಿತಾ ಆದಳು, ಪಾಸ್‌ಪೋರ್ಟಿನಲ್ಲೂ ಆದಳು. ಆದರೆ ಚೊಚ್ಚಲ ಹೆರಿಗೆಗೆ ಮುಧೋಳದ ತವರಿಗೆ ಹೋದಳಲ್ಲ, ಅಲ್ಲಿ ಅವಳು ನೀಲವ್ವನೇ. ಆಸ್ಪತ್ರೆಯಲ್ಲಿ ಮಗುವಿನ ತಾಯಿಯ ಹೆಸರು ಕೇಳಿದಾಗ ನನ್ನ ಮಾವನವರು ತಾವು ಇಟ್ಟ ಹೆಸರನ್ನೇ ಹೇಳಿದರು. ನಾನಾಗಿದ್ದರೂ ಹಾಗೆಯೇ ಮಾಡುತ್ತಿದ್ದೆ. ಮಗಳಿಗೆ ಮೊದಲ ಸಲ ಪಾಸ್‌ಪೋರ್ಟ್ ಮಾಡಿಸಿದಾಗ ಇದು ಹೇಗೋ ಸಾಗಿತ್ತು. ಆಗ ಕಿಟಕಿಯ ಎದುರು ಅವಳೇ ನಿಂತಿದ್ದಳು, ಮಗು ಅವಳ ಕುತ್ತಿಗೆಗೆ ಜೋತುಬಿದ್ದಿತ್ತು. ತಾಯಿ ಯಾರೆಂದು ಯಾರೂ ಕೇಳಲಿಲ್ಲ.

ಹೆಂಡತಿಯ ತಮ್ಮ ಮಲ್ಲಪ್ಪನಿಗೆ ಫೋನು ಮಾಡಿದೆ. ಮುಧೋಳದಲ್ಲಿ ಅವನದು ಪಂಪಸೆಟ್ ರಿಪೇರಿ ಅಂಗಡಿ. ಮಣ್ಣು ತುಂಬಿ ನಿಂತ ಮೋಟಾರನ್ನೂ ಓಡಿಸಬಲ್ಲವನಿಗೆ ಕಚೇರಿ ಯಾವ ಲೆಕ್ಕ ಎಂದುಕೊಂಡಿದ್ದೆ. ತಹಶೀಲ್ದಾರ ಕಚೇರಿಗೆ ಹೋಗಿ ಬಂದವನ ದನಿ ಬೇರೆಯಾಗಿತ್ತು.

"ಮಾಮಾ, ಇಬ್ಬರೂ ಒಬ್ಬಾಕಿನ ಅಂತ ಬರಸಾಕ ಸಾಲಿ ದಾಖಲೆ ಕೇಳಾಕತ್ತಾರ, ಲಗ್ನಪತ್ರಿಕಿ ಕೇಳಾಕತ್ತಾರ, ಪಂಚರ ಸೈ ಕೇಳಾಕತ್ತಾರ. ನಿಮ್ಮ ಕಡೆ ಲಗ್ನಪತ್ರಿಕಿ ಐತೇನ್ರಿ?"

"ನಮ್ಮ ಲಗ್ನದ್ದೇನೋ?"

"ಮತ್ತ ಯಾರದ್ರೀ, ನಂದೇನು?"

ನನ್ನ ಬಳಿ ಇರಲಿಲ್ಲ. ಕಚೇರಿಯ ಹೊರಗೆ ಬೇವಿನ ಗಿಡದ ಕೆಳಗೆ ಕೂಡುವ ಒಬ್ಬ ಏಜಂಟ ಬೇರೆ ದಾರಿ ತೋರಿಸಿದನಂತೆ. ಅವನ ಮಾತನ್ನು ಮಲ್ಲಪ್ಪ ಹಾಗೇ ಒಪ್ಪಿಸಿದ: "ಸತ್ತವರ ಕಾಗದಕ್ಕ ಭಾಳ ತಿರಗಾಡಬೇಕ್ರಿ. ಇದ್ದವರದ ನಾಳಿಗೇ ಆಗತೈತಿ. ಹೆಂಗೂ ಕಾಗದದಾಗ ನೀಲವ್ವಾರು ಇನ್ನೂ ಅದಾರಲ್ಲ, ಅವರ ಕಡಿಂದನ ಒಪ್ಪಿಗಿ ಪತ್ರ ಬರಸಿಬಿಡೂನು. ಹೆಬ್ಬಟ್ಟು ಯಾರದರ ಒತ್ತಿದ್ರಾತು."

ಸಂಜೆ ಆ ಪತ್ರದ ಕರಡು ನನ್ನ ಫೋನಿಗೆ ಬಂತು. 'ನಾನು ನೀಲವ್ವ, ಪೂರ್ಣ ಆರೋಗ್ಯದಿಂದಿದ್ದು, ಸ್ವಸ್ಥ ಚಿತ್ತದಿಂದ, ಯಾರ ಒತ್ತಾಯಕ್ಕೂ ಒಳಗಾಗದೆ, ನನ್ನ ಮಗಳು ತನ್ನ ತಂದೆಯ ಬಳಿ ಇರಲು ಸಂತೋಷದಿಂದ ಒಪ್ಪಿರುತ್ತೇನೆ.' ಅದು ಸುಳ್ಳು ಪತ್ರ, ಅಪರಾಧ, ಎಲ್ಲವೂ ನನಗೆ ಗೊತ್ತು. ಆದರೂ ಅಳಿಸಲಿಲ್ಲ. ಪೂರ್ಣ ಆರೋಗ್ಯದಿಂದಿದ್ದು ಎಂಬ ಮಾತನ್ನು ಆ ಕೊನೆಯ ತಿಂಗಳುಗಳಲ್ಲಿ ಯಾವ ಡಾಕ್ಟರೂ ನಮಗೆ ಹೇಳಿರಲಿಲ್ಲ. ಬೇವಿನ ಗಿಡದ ಕೆಳಗಿನವನು ಕೇಳದೆಯೇ ಬರೆದುಕೊಟ್ಟಿದ್ದ. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ತೆಗೆದು ಓದುತ್ತಿದ್ದೆ. ವಾರವೆಲ್ಲ ಅದೇ ಕೆಲಸ. ಇತ್ತ ಮಗಳ ಪಾಸ್‌ಪೋರ್ಟಿನ ಅವಧಿ ಓಡುತ್ತಿತ್ತು.

ಕೊನೆಗೆ ಪಲ್ಲವಿಯೇ ನನ್ನ ಫೋನಿನಲ್ಲಿ ಅದನ್ನು ಓದಿದಳು.

"ಇದನ್ನ ಯಾರೂ ನಂಬೂದಿಲ್ಲಪ್ಪಾ."

"ಯಾಕವಾ?"

"ಸಂತೋಷದಿಂದ ಒಪ್ಪಿರುತ್ತೇನೆ ಅಂತ. ಅವ್ವ ನಿನ್ನ ಯಾವ ಮಾತಿಗಿ ಸಂತೋಷದಿಂದ ಒಪ್ಪಿದ್ಲು?"

ನಾವಿಬ್ಬರೂ ನಕ್ಕೆವು. ಆ ಮನೆಯಲ್ಲಿ ನಗೆ ಕೇಳಿ ಬಹಳ ದಿನಗಳಾಗಿದ್ದವು. ನಗು ನಿಂತ ಮೇಲೆ ಅವಳು, "ಅವ್ವನ ಹೆಸರಿಲೆ ಸುಳ್ಳ ಸೈ ಬ್ಯಾಡಪ್ಪಾ. ಹೋಗೂದಾದ್ರ ಮುಧೋಳಕ್ಕ ಹೋಗ್ತೇನಿ," ಎಂದಳು. ಹೋಗುತ್ತೇನೆ ಎಂದವಳು ನನ್ನ ಅಂಗಿಯ ತೋಳು ಹಿಡಿದೇ ಕೂತಿದ್ದಳು. ಕರಡು ಅಳಿಸಿದೆ. ಮಲ್ಲಪ್ಪನಿಗೆ ಮತ್ತೆ ಫೋನು ಮಾಡಿ, ತಿರುಗಾಡುವ ದಾರಿಯನ್ನೇ ಹಿಡಿ ಎಂದೆ. ಅವನು ನಿಟ್ಟುಸಿರು ಬಿಟ್ಟ. ಸ್ಕೂಟರಿಗೆ ಪೆಟ್ರೋಲ್ ಹಾಕಿಸಿದ.

ಲಗ್ನಪತ್ರಿಕೆ ರನ್ನ ಬೆಳಗಲಿ ಊರಲ್ಲಿರುವ ಹೆಂಡತಿಯ ದೊಡ್ಡವ್ವನ ಮನೆಯಲ್ಲಿ ಸಿಕ್ಕಿತು. ನಮ್ಮ ಮೇಲಿನ ಪ್ರೀತಿಯಿಂದ ಇಟ್ಟುಕೊಂಡದ್ದಲ್ಲ; ಪತ್ರಿಕೆಯ ಮೇಲೆ ಗಣಪತಿಯ ಚಿತ್ರ ಚೆನ್ನಾಗಿ ಮೂಡಿತ್ತೆಂದು ದೇವರ ಜಗಲಿಯ ಮೇಲೆ ಪಟಗಳ ಸಾಲಿನಲ್ಲಿ ನಿಲ್ಲಿಸಿದ್ದಳು. ಇಷ್ಟು ವರ್ಷ ನಮ್ಮಿಬ್ಬರ ಹೆಸರಿಗೂ ದಿನಾ ಕುಂಕುಮ ಬಿದ್ದಿತ್ತು. ಶಾಲೆಯ ದಾಖಲೆಯೂ ದೊರೆಯಿತು. ಇನ್ನು ಅತ್ತೆ ಕಚೇರಿಗೆ ಬಂದು ಹೇಳಿಕೆ ಕೊಡಬೇಕಿತ್ತು. ಆಕೆ ಮಾತ್ರ ಒಲ್ಲೆ ಎಂದರು. ಫೋನಿನಲ್ಲಿ ನಾನೇ ಕೇಳಿಕೊಂಡೆ.

"ಅಳಿಯಾರ, ಅಲ್ಲಿ ಸವಿತಾ ಹೋದಳು, ಅದು ನಿಮಗ ಗೊತ್ತು. ಇಲ್ಲಿ ಓಟಿನ ಯಾದಿಯೊಳಗ ನಮ್ಮ ನೀಲವ್ವ ಇನ್ನೂ ಅದಾಳ್ರಿ. ಅಕಿನ್ನೂ ನನ್ನ ಕೈಲೆ ಯಾಕ ತಗಸ್ತೀರಿ?"

ಫೋನನ್ನು ಪಲ್ಲವಿಯ ಕೈಗೆ ಕೊಟ್ಟೆ. ಅವಳು "ಅಮ್ಮಾ" ಎಂದು ಅಜ್ಜಿಯನ್ನು ಕರೆದಳು, ಅಷ್ಟೇ. ಮರುದಿನ ಅತ್ತೆ ಇಳಕಲ್ ಸೀರೆ ಉಟ್ಟು ಮಲ್ಲಪ್ಪನ ಸ್ಕೂಟರ್ ಹತ್ತಿದರು.

ಕಚೇರಿಯಲ್ಲಿ ನಡೆದದ್ದನ್ನು ಮಲ್ಲಪ್ಪ ಹೇಳಿದ. ನೀಲವ್ವ ನಿಮಗ ಏನಾಗಬೇಕು ಎಂದು ಕಾರಕೂನ ಕೇಳಿದ. ಮಗಳು ಎಂದರು. ಸವಿತಾ ಏನಾಗಬೇಕು ಎಂದ. ಮಗಳು ಎಂದರು.

"ಹಂಗಾದ್ರ ನಿಮಗ ಇಬ್ಬರ ಹೆಣ್ಮಕ್ಕಳೇನಬೇ?"

"ಒಬ್ಬಾಕಿನ್ನ ಹಡದೇನಪಾ. ಇಬ್ಬರು ಇದ್ದಿದ್ರ ಒಬ್ಬಾಕಿಯರ ಉಳದಿರತಿದ್ಲು."

ಕಾರಕೂನ ಪೆನ್ನು ಕೆಳಗಿಟ್ಟನಂತೆ. ಆಮೇಲೆ ಸರ್ವರ್ ಇಲ್ಲ, ನಾಳೆ ಬರ್ರಿ ಎಂದನಂತೆ. ಮರುದಿನವೂ ಅತ್ತೆ ಹೋದರು. ಸರ್ವರ್ ಬಂದಿತ್ತು. ಹೆಬ್ಬಟ್ಟು ಒತ್ತಿ, ಸೆರಗಿಗೆ ಒರೆಸಿಕೊಂಡು, ಸ್ಕೂಟರಿನ ಹಿಂದೆ ಕೂತು ಮನೆಗೆ ಬಂದರು.

ಕಾಗದ ಬಂತು. 'ನೀಲವ್ವ ಉರ್ಫ್ ಸವಿತಾ' ಎಂದು ಸಿಕ್ಕಾ ಸಹಿತ ಇತ್ತು. ಕಿಟಕಿಯ ಹೆಣ್ಣುಮಗಳು ಓದಿ, ತಲೆದೂಗಿ, ನನ್ನನ್ನು ಮತ್ತೆ ಒಂದೇ ಸಂಸಾರದವನನ್ನಾಗಿ ಮಾಡಿದಳು. ಸ್ವಲ್ಪ ದಿನಕ್ಕೆ ಮಗಳ ಪಾಸ್‌ಪೋರ್ಟೂ ಬಂತು, ಪರವಾನಗಿಯೂ ಆಯಿತು. ಪಲ್ಲವಿ ತನ್ನ ಪುಸ್ತಕಗಳನ್ನು ಮತ್ತೆ ಮೇಜಿನ ತುಂಬ ಹರವಿದಳು. ಊಟದ ತಾಟು ಇಡಲು ಜಾಗವಿಲ್ಲದಂತಾಯಿತು. ನಾನು ತಾಟನ್ನು ತೊಡೆಯ ಮೇಲಿಟ್ಟುಕೊಂಡು ಉಂಡೆ.

ಆದರೆ ಅವಳು ಸುಮ್ಮನಾಗಲಿಲ್ಲ. ಈ ಅನುಭವದಿಂದ ಬುದ್ಧಿ ಕಲಿತವಳು ಅವಳೇ. ನನ್ನ ಕಾಗದಗಳನ್ನೆಲ್ಲ ಹೊರಗೆ ತೆಗೆಸಿ ಒಂದೊಂದಾಗಿ ನೋಡಿದಳು. ಪಾಸ್‌ಪೋರ್ಟಿನಲ್ಲಿ ನಾನು ರಮೇಶ. ಬನಹಟ್ಟಿಯ ಮನೆಯ ಉತಾರದಲ್ಲಿ, ಅಂದರೆ ಆಸ್ತಿಯ ದಾಖಲೆಯಲ್ಲಿ, ನಾನು ಗುರುಪಾದಪ್ಪ. ಅದು ಅಜ್ಜನ ಹೆಸರು, ನನಗೆ ಇಟ್ಟದ್ದು. ತನ್ನ ಮಾವನ ಹೆಸರನ್ನು ಬಾಯಲ್ಲಿ ಹೇಗೆ ಹೇಳುವುದೆಂದು ನಮ್ಮವ್ವ ರಮೇಶ ಎಂದು ಕರೆದಳು, ಶಾಲೆಗೂ ಅದನ್ನೇ ಕೊಟ್ಟಳು. ಹೀಗೆ ನಾನೂ ಇಬ್ಬರು ಎಂದು ಆ ದಿನ ತಿಳಿಯಿತು. ನನಗೆ ಒಳಗೊಳಗೇ ಒಂದು ನಮೂನೆ ಸಮಾಧಾನವಾಯಿತು. ಇದನ್ನು ತಿದ್ದಿಸುವುದು ಬೇಡ ಮಗಳೇ ಎಂದೆ. ನಾಳೆ ನನಗೆ ಏನಾದರೂ ಆದರೆ ಕಾಗದದಲ್ಲಾದರೂ ಇನ್ನೊಬ್ಬ ಅಪ್ಪ ನಿನಗೆ ಇರುತ್ತಾನೆ.

ಪಲ್ಲವಿ ಹೆಸರು ತಿದ್ದಿಸುವ ಅರ್ಜಿ ನಮೂನೆಯನ್ನು ನನ್ನ ಮುಂದೆ ಸರಿಸಿ ಪೆನ್ನು ಕೊಟ್ಟಳು.

"ಇಬ್ಬರನ್ನ ಇಟಗೊಂಡ ನಾ ಏನ ಮಾಡ್ಲಿ? ಇಬ್ಬರೊಳಗ ಒಬ್ಬಗೂ ರೊಟ್ಟಿ ಬಡಿಯಾಕ ಬರೂದಿಲ್ಲ. ಸೈ ಮಾಡು."