ಗಾಳಿ ನೇಯ್ದ ಶಣ್ಮುಗಂ

ಹತ್ತೇ ಹತ್ತು ಪುಸ್ತಕ! ಏಳನೇ ಕ್ಲಾಸು ಮುಗಿಸಿದ ಹುಡುಗಿಗೆ ಬೇಸಿಗೆ ರಜೆಯಲ್ಲಿ ಹತ್ತು ಪುಸ್ತಕ ಓದುವುದು ಅಂಥ ಕಷ್ಟವೇ? ತಮಿಳುನಾಡಿನ ನೆಗಮಂ ಊರಿನ ನೇಕಾರ ಶಣ್ಮುಗಂ ಈ ಪ್ರಶ್ನೆಯನ್ನು ಹೆಂಡತಿ ಚಂದ್ರಾಳಿಗೆ ಕೇಳಿದ, ಪಕ್ಕದ ಮನೆಯ ಸೆಲ್ಲಪ್ಪನಿಗೆ ಕೇಳಿದ, ಯಾರೂ ಸಿಗದಾಗ ಮಗ್ಗಕ್ಕೂ ಕೇಳಿದ. ಕೇಳಿಸಬೇಕಾದ ಮಗಳು ಧರಣಿಗೆ ಮಾತ್ರ ಕೇಳಿಸಲಿಲ್ಲ. ಅವಳು ಬೇವಿನ ಮರದ ಮೇಲಿದ್ದಳು.

ತಪ್ಪು ಅವನದೇ ಅನ್ನಿ. ರಜೆ ಬಿಡುವ ದಿನ ವಿಜಯಕುಮಾರಿ ಟೀಚರ್ ಅವನನ್ನು ಕರೆದು, "ಧರಣಿ ಓದುವಾಗ ಸಾಲು ಸಾಲೇ ಹಾರಿಸ್ತಾಳೆ. ಈ ರಜೆಯಲ್ಲಿ ಓದದಿದ್ದರೆ ಎಂಟನೇ ಕ್ಲಾಸಿನ ಪಾಠ ಅವಳ ತಲೆಗೆ ಹತ್ತೋದಿಲ್ಲ" ಎಂದು ಹತ್ತು ಕಥೆಪುಸ್ತಕಗಳ ಚೀಲ ಕೊಟ್ಟಿದ್ದರು. ಇವನು ನಾಲ್ಕಾರು ಅಪ್ಪಂದಿರ ಎದುರೇ ಎದೆಯುಬ್ಬಿಸಿ, "ಹತ್ತೂ ಓದಿಸ್ತೀನಿ ಟೀಚರ್! ಓದಿಸದಿದ್ದರೆ ನಾನು ಅವಳ ಅಪ್ಪನೇ ಅಲ್ಲ!" ಎಂದು ಭೀಷಣ ಪ್ರತಿಜ್ಞೆ ಮಾಡಿ ಬಂದ. (ಪ್ರತಿಜ್ಞೆ ತಮಿಳಿನಲ್ಲಿ. ಪುಸ್ತಕಗಳೂ ತಮಿಳಿನವೇ. ಮನೆಯಲ್ಲಿ ಜಗಳವೆಲ್ಲ ಕನ್ನಡದಲ್ಲಾದರೂ ಕನ್ನಡದ ಅಕ್ಷರಗಳ ಮುಖವನ್ನು ಆ ಮನೆಯಲ್ಲಿ ಯಾರೂ ಕಂಡವರಲ್ಲ.)

ಹದಿನೈದು ದಿನವಾಯಿತು. ಪುಸ್ತಕಗಳು ಬಹಳ ಉಪಯೋಗಕ್ಕೆ ಬಂದವು. ಒಂದು ಮೊಸರಿನ ಪಾತ್ರೆಗೆ ಮುಚ್ಚಳವಾಯಿತು, ಇನ್ನೊಂದು ಕರೆಂಟು ಹೋದಾಗ ಬೀಸಣಿಗೆಯಾಯಿತು. ಓದು ಮಾತ್ರ ಆಗಲಿಲ್ಲ.

"ಓದು ಕಣ್ಣು, ನನ್ನ ಮುದ್ದಲ್ವಾ."

"ಓದ್ತೀನಿ ಪೋಂಗಪ್ಪಾ, ಹೋಗಿ ನೀವು."

"ಯಾವಾಗ?"

"ಓದೋವಾಗ!"

ಶಣ್ಮುಗನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಟೀಚರ ಮುಖ ಕಣ್ಣ ಮುಂದೆ ಬಂದು ಬಂದು ಹೋಗುತ್ತಿತ್ತು. ಕೊನೆಗೆ ಒಂದು ದಿವ್ಯ ಉಪಾಯ ಹೊಳೆಯಿತು. ಮಗಳು ಮಗ್ಗದ ಪಕ್ಕ ಕೂತು ದಿನಕ್ಕೊಂದು ಅಧ್ಯಾಯ ಗಟ್ಟಿಯಾಗಿ ಓದಬೇಕು, ಅವನು ನೇಯುತ್ತ ಕೇಳಬೇಕು.

ಧರಣಿ ಮೂಗು ಮುರಿದಳು. ಆದರೂ ಕೂತು ಒಂದು ಪುಸ್ತಕ ತೆರೆದು ಓದತೊಡಗಿದಳು. ಕಥೆಯಲ್ಲಿ ಅಕ್ಕ ತಂಗಿ ಇಬ್ಬರು ಹಾಳುಬಾವಿಗೆ ಇಳಿಯುತ್ತಾರೆ. ಬಾವಿಯ ತಳದ ಗೋಡೆಯಲ್ಲಿ ಒಂದು ಬಾಗಿಲು. ಅಕ್ಕ ಬಾಗಿಲಿಗೆ ಕೈ ಹಚ್ಚಿದಳು. ಒಳಗಿನಿಂದ ಯಾರೋ ಕೆಮ್ಮಿದರು.

ಧರಣಿ ಪುಸ್ತಕ ಮುಚ್ಚಿದಳು.

"ಯಾಕೆ ಮುಚ್ಚಿದೆ? ಯಾರು ಕೆಮ್ಮಿದ್ದು?"

"ಅಧ್ಯಾಯ ಮುಗೀತು. ದಿನಕ್ಕೊಂದು ಅಂತ ನೀವೇ ಹೇಳಿದ್ದು."

"ಇನ್ನೊಂದೇ ಒಂದು ಸಾಲು, ಕಣ್ಣು!"

"ನಾಳೆ."

ಆ ನಾಳೆ ಬೆಳಿಗ್ಗೆ ಏನಾಯಿತೆಂದರೆ, ಚಂದ್ರಾಳ ಅಣ್ಣ ಬೈಕಿನಲ್ಲಿ ಬಂದು ಹುಡುಗಿಯನ್ನು ತೊಂಡಾಮುತ್ತೂರಿನ ಅಜ್ಜಿಯ ತೋಟಕ್ಕೆ ಒಂದು ವಾರಕ್ಕೆ ಕರೆದುಕೊಂಡು ಹೋದ. ಅವಳು ಬಟ್ಟೆ ತೆಗೆದುಕೊಂಡಳು, ಚಪ್ಪಲಿ ತೆಗೆದುಕೊಂಡಳು, ಪುಸ್ತಕಗಳನ್ನು ಮುಟ್ಟಿಯೂ ನೋಡಲಿಲ್ಲ.

ಶಣ್ಮುಗಂ ಮಧ್ಯಾಹ್ನದವರೆಗೆ ತಡೆದುಕೊಂಡ. ಮೂರು ಸಲ ಎಳೆ ಹರಿಯಿತು. ಥತ್, ಇದೇನು ಹಿಂಸೆ! ಬಾವಿಯಲ್ಲಿ ಬಾಗಿಲು ಹಾಕಿಕೊಂಡು ಕೆಮ್ಮುವ ಗಿರಾಕಿ ಯಾರಿರಬಹುದು? ಕೈ ತಾನಾಗಿ ಪುಸ್ತಕದ ಕಡೆ ಹೋಯಿತು.

ಆದರೆ ಒಂದು ಅಪಾಯವಿತ್ತು. ಹಜಾರದಲ್ಲಿ ಚಂದ್ರಾ ನೂಲು ಸುತ್ತುತ್ತಿದ್ದಳು. ಮಗ್ಗದ ಸದ್ದು ಎರಡು ನಿಮಿಷ ನಿಂತರೆ ನೇಕಾರನ ಹೆಂಡತಿ ಎಲ್ಲಿದ್ದರೂ ಎದ್ದು ಬರುತ್ತಾಳೆ. ಅದಕ್ಕೆ ಆ ಮಹಾಬುದ್ಧಿವಂತ ಪುಸ್ತಕವನ್ನು ನೇಯ್ದ ಸೀರೆಯ ಮೇಲೆ ಬಿಡಿಸಿಟ್ಟ. ಮಗ್ಗದ ಗುಂಡಿಯಲ್ಲಿ ಕಾಲು ಹಲಗೆ ತುಳಿಯುತ್ತಿತ್ತು, ಎಡಗೈ ಹಣಿಗೆ ಬಡಿಯುತ್ತಿತ್ತು, ಬಲಗೈ ಹಾಳೆ ತಿರುವುತ್ತಿತ್ತು. ಅಡ್ಡ ಎಳೆ ಹಾಯಿಸುವ ಲಾಳಿ ಮಾತ್ರ ಅವನ ಮಡಿಲಲ್ಲಿ ಹಾಯಾಗಿ ಮಲಗಿತ್ತು. ಟಕ್ ಟಕ್, ಟಕ್ ಟಕ್. ಒಂದು ಎಳೆಯೂ ಹೊಗುತ್ತಿರಲಿಲ್ಲ.

ಮೊದಲ ದಿನ ಅಕ್ಷರಕ್ಕೆ ಅಕ್ಷರ ಕೂಡಿಸಿ ಅರ್ಧ ಪುಟ. ಕೆಮ್ಮಿದ್ದು ಗಡ್ಡದ ಮುದುಕನೆಂದು ಎರಡನೇ ದಿನ ಗೊತ್ತಾಯಿತು. ಅವನ ತೊಡೆಯ ಮೇಲೊಂದು ಬೀಗ ಹಾಕಿದ ಪೆಟ್ಟಿಗೆ! ಪೆಟ್ಟಿಗೆಯಲ್ಲಿ ಏನಿದೆ? ನಾಲ್ಕನೇ ದಿನದಿಂದ ಓದು ನಾಗಾಲೋಟ. ಕಥೆ ಬಿಗಿಯಾದಂತೆ ಮಗ್ಗದ ಸದ್ದೂ ಜೋರಾಗುತ್ತಿತ್ತು. ಪಾಪ, ಚಂದ್ರಾ ಅದನ್ನು ಕೇಳಿ, "ಎಷ್ಟು ದುಡೀತಾರೆ ನಮ್ಮವರು" ಎಂದು ಕರಗಿಹೋಗಿ ದಿನಕ್ಕೆ ಎರಡು ಸಲ ಮಜ್ಜಿಗೆ ತಂದಿಟ್ಟಳು. ಅವನು ಪುಸ್ತಕದ ಮೇಲೆ ಟವೆಲು ಎಳೆದು ಮಜ್ಜಿಗೆ ಕುಡಿದ.

ಏಳನೇ ದಿನ ಅವಳು ಸೀರೆ ಎಷ್ಟಾಯಿತೆಂದು ಅಳೆಯಲು ಬಂದಳು. ಹೋದ ವಾರಕ್ಕಿಂತ ಒಂದು ಗೇಣು ಬೆಳೆದಿತ್ತು.

"ಏನುಂಗ ಇದು? ಏಳು ದಿನ ಟಕ್ ಟಕ್ ಅಂತ ಏನನ್ನ ನೇಯ್ದ್ರಿ? ಗಾಳೀನಾ?"

"ನೂಲು ಸರಿಯಿಲ್ಲ ಚಂದ್ರಾ..."

ಅವಳು ಟವೆಲು ಎತ್ತಿದಳು. ಮುಂದಿನ ಅರ್ಧ ಗಂಟೆ ಬೀದಿಗೆಲ್ಲ ಕನ್ನಡ ಅರ್ಥವಾಯಿತು. "ಮಗಳಿಗೆ ಓದು ಓದು ಅಂದು ತಾನು ಓದ್ತಾ ಕೂತಿದಾನಲ್ಲಾ ಈ ಮನುಷ್ಯ! ನಾನು ಮಜ್ಜಿಗೆ ಬೇರೆ ಕೊಟ್ಟೆ!" ಎಂದು ಹತ್ತು ಪುಸ್ತಕಗಳನ್ನೂ ಟ್ರಂಕಿಗೆ ಹಾಕಿ ಬೀಗ ಜಡಿದಳು. ಸಂಜೆ ಮಗಳು ತೋಟದಿಂದ ಬಂದ ಕೂಡಲೇ ಬೀಗದಕೈ ಅವಳ ಕೈಗಿಟ್ಟು, "ನಿಮ್ಮಪ್ಪನಿಗೆ ಮಾತ್ರ ಕೊಡಬೇಡ" ಎಂದಳು.

ಧರಣಿ ಬೀಗದಕೈ ನೋಡಿದಳು, ಅಪ್ಪನ ಸೋತ ಮುಖ ನೋಡಿದಳು. ಮಗ್ಗವನ್ನೇ ಮರೆಸುವಂಥದ್ದು ಆ ಪುಸ್ತಕದಲ್ಲಿ ಏನಿದ್ದೀತು? ಆ ರಜೆಯಲ್ಲಿ ಮೊದಲ ಬಾರಿಗೆ ಅವಳು ಯಾರೂ ಹೇಳದೆ ಪುಸ್ತಕ ತೆರೆದಳು. ಎರಡು ದಿನದಲ್ಲಿ ಬಾವಿಯ ಕಥೆ ಮುಗಿಯಿತು. ಆಮೇಲೆ ಉಳಿದವಕ್ಕೂ ಕೈ ಹಚ್ಚಿದಳು.

"ಕಣ್ಣು, ಆ ಪೆಟ್ಟಿಗೇಲಿ ಏನಿತ್ತು?"

"ಒಂದು ಮೊಳ ನೇಯ್ರಿ, ಹೇಳ್ತೀನಿ."

ಅವನು ಬೆವರು ಸುರಿಸಿ ಒಂದು ಮೊಳ ನೇಯ್ದ.

"ಪೆಟ್ಟಿಗೇಲಿ ಇನ್ನೊಂದು ಪೆಟ್ಟಿಗೆ ಇತ್ತು," ಎಂದು ಅವಳು ಹೊರಗೆ ಓಡಿದಳು.

ಹೀಗೆ ಸೀರೆ ಕೊಡುತ್ತೇನೆಂದು ಒಪ್ಪಿದ್ದ ದಿನಕ್ಕೆ ಮುಗಿಯಿತು, ಇನ್ನೊಂದು ಸೀರೆಯೂ ಮುಗಿಯಿತು. ಒಂಬತ್ತು ಕಥೆಗಳನ್ನು ಅವಳು ಪೂರ್ತಿ ಹೇಳಿದಳು. ಬಾವಿಯ ಕಥೆಯ ಕೊನೆ ಮಾತ್ರ ಬಾಯಿ ಬಿಡಲಿಲ್ಲ. ಚಂದ್ರಾ ಬಿಡಬೇಡವೆಂದಿದ್ದಳು. ಅಷ್ಟರಲ್ಲಿ ಶಾಲೆ ತೆರೆಯಿತು.

ಗಂಡಹೆಂಡತಿ ಇಬ್ಬರೂ ಮಗಳ ಜೊತೆ ಹೋದರು. ಟೀಚರ್ ಪುಸ್ತಕಕ್ಕೊಂದರಂತೆ ಹತ್ತು ಪ್ರಶ್ನೆ ಕೇಳಿದರು. ಧರಣಿ ಹತ್ತಕ್ಕೂ ತಡವರಿಸದೆ ಉತ್ತರ ಕೊಟ್ಟಳು. ಒಂದು ಪುಟವನ್ನು ಸಾಲು ಹಾರಿಸದೆ ಓದಿಯೂ ತೋರಿಸಿದಳು. ಶಣ್ಮುಗನ ಕಣ್ಣು ಒದ್ದೆಯಾಯಿತು. ನನ್ನ ಮಗಳು!

"ಭೇಷ್! ಹೇಗೆ ಓದಿಸಿದಿರಿ? ಇವರಿಗೂ ಸ್ವಲ್ಪ ಹೇಳಿ," ಎಂದು ಟೀಚರ್ ಉಳಿದ ಅಪ್ಪಂದಿರನ್ನು ಕರೆದರು.

ಶಣ್ಮುಗಂ ಅಂಗಿ ಸರಿಮಾಡಿಕೊಂಡ. "ಎಲ್ಲಾ ಶಿಸ್ತು ಟೀಚರ್. ಅಪ್ಪ ಅನ್ನೋನು ಗಟ್ಟಿಯಾಗಿ ನಿಲ್ಲಬೇಕು..." ಎನ್ನುತ್ತಲೇ ಅವನ ಕೈ ಮೇಜಿನ ಮೇಲಿದ್ದ ಬಾವಿಯ ಪುಸ್ತಕವನ್ನು ಮೆಲ್ಲಗೆ ಎಳೆಯಿತು. ದನಿ ತಗ್ಗಿತು. "ಟೀಚರ್, ಇದನ್ನ ಎರಡು ದಿನ ಕೊಡ್ತೀರಾ? ಕೊನೇ ಅಧ್ಯಾಯ ಬಾಕಿ ಇದೆ."

"ಅಯ್ಯೋ, ಇದು ಇಲ್ಲಿ ಓದೋ ಮಕ್ಕಳಿಗೆ ಮಾತ್ರ ಕೊಡೋದು. ಅದಿರಲಿ, ನೀವು ಎಷ್ಟನೇ ಕ್ಲಾಸಿನವರೆಗೆ ಓದಿದ್ದೀರಿ?"

"ಐದು ಪಾಸು, ಟೀಚರ್."

ಚಂದ್ರಾ ಅದುವರೆಗೆ ಕನ್ನಡದಲ್ಲಿ ಮೆಲ್ಲಗೆ ಗೊಣಗುತ್ತಿದ್ದವಳು, ಎಲ್ಲರಿಗೂ ಕೇಳಿಸಲೆಂದು ಈಗ ಗಟ್ಟಿಯಾಗಿ ತಮಿಳಿಗೆ ಹೊರಳಿದಳು. "ಅಗೋ, ಆ ಮೇಜಿನ ಹತ್ತಿರ ಆರನೇ ಕ್ಲಾಸಿಗೆ ಸೇರಿಸ್ಕೊಳ್ತಾ ಇದಾರಲ್ಲ? ಇವರನ್ನೂ ಸೇರಿಸ್ಕೊಂಡುಬಿಡಿ ಟೀಚರ್. ಪೋಷಕರ ಸಹಿ ಜಾಗದಲ್ಲಿ ಕೈಯೆಳುತ್ತು ನಾನೇ ಹಾಕ್ತೀನಿ."

ಅಪ್ಪಂದಿರೆಲ್ಲ ಹೊಟ್ಟೆ ಹಿಡಿದು ನಕ್ಕರು. ಧರಣಿ ಮಾತ್ರ ನಗಲಿಲ್ಲ. ಅಪ್ಪನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು.

"ಸೇರ್ಲಿ ಬಿಡಮ್ಮಾ," ಎಂದಳು. "ಆದ್ರೆ ಸ್ಕೂಲಲ್ಲಿ ನನ್ನ ಅಕ್ಕಾ ಅಂತ ಕರೀಬೇಕು."