ಏಳು ಬಾಲದ ಹರಕೆ

"ಈ ಭಾನುವಾರ ಬೆಳಗಿನಿಂದ ಸಂಜೆಯವರೆಗೆ ನಾನು ಯಾರ ಅಮ್ಮನೂ ಅಲ್ಲ!"

ಮಗಳ ಬಾಯಿಗೆ ರಾಗಿ ಮಣ್ಣಿಯ ಚಮಚ ಹಿಡಿದುಕೊಂಡೇ ನಾನು ಈ ಐತಿಹಾಸಿಕ ಘೋಷಣೆ ಮಾಡಿದೆ. ಮಗಳು ಮೋಕ್ಷಾ ಅದನ್ನು ಅನುಮೋದಿಸುವವಳಂತೆ ಮಣ್ಣಿಯನ್ನು ನನ್ನ ಕನ್ನಡಕದ ಮೇಲೆ ಉಗಿದಳು. ಗಂಡ ಸುಕೇಶ್ ಮೊಬೈಲಿನಿಂದ ತಲೆಯನ್ನೇ ಎತ್ತಲಿಲ್ಲ.

"ಆಯ್ತು ನಿಖಿತಾ. ಎಷ್ಟು ಸಲ ಫೋನ್ ಮಾಡ್ತಿ?"

"ಒಂದು ಸಲವೂ ಇಲ್ಲ!"

"ಮೊನ್ನೆ ಮೀನು ತರ್ಲಿಕ್ಕೆ ಹೋದವಳು ಗೇಟಿನಿಂದಲೇ ಫೋನ್ ಮಾಡಿದ್ದಿ ಮಾರಾಯ್ತಿ. ಮಗು ಉಸಿರಾಡ್ತಾ ಉಂಟಾ ಅಂತ."

ಸುಳ್ಳಲ್ಲ. ನಾನು ಮಲಗಿದ ಮಗುವಿನ ಮೂಗಿನ ಕೆಳಗೆ ಬೆರಳು ಹಿಡಿದು ನೋಡುವ ಜಾತಿ. ಬೆರಳಿಗೆ ಗಾಳಿ ತಾಗದಿದ್ದರೆ ಮಗುವನ್ನು ಎಬ್ಬಿಸುವವಳು. ತಾಗಿದರೆ, ಇಷ್ಟು ಬಿಸಿ ಗಾಳಿ ಯಾಕೆ ಎಂದು ಥರ್ಮಾಮೀಟರ್ ತರುವವಳು! ಮಗಳಿಗೆ ಒಂದು ವಾರದಿಂದ ಸಣ್ಣ ಕೆಮ್ಮು ಬೇರೆ. ಅವಳು ಕೆಮ್ಮಿದ್ದು ಹತ್ತು ಸಲವಾದರೆ ನಾನು ಬೆಚ್ಚಿಬಿದ್ದದ್ದು ನೂರು ಸಲ.

ಆದರೆ ಮಣಿಪಾಲದಲ್ಲಿ ಎನಿಮೆ ಅಭಿಮಾನಿಗಳ ಮೇಳ! ಜಪಾನಿನ ಆ ಕಾರ್ಟೂನ್ ಸರಣಿಗಳನ್ನು ನೋಡುತ್ತ ಹಾಸ್ಟೆಲಿನಲ್ಲಿ ಬೆಳಗು ಮಾಡಿದ ನಾವು ಮೂವರು, ಅಂದರೆ ನಾನು, ಜೋಸ್ಲಿನ್, ದೀಕ್ಷಿತಾ, ವೇಷ ಹಾಕಿ ವೇದಿಕೆ ಹತ್ತುವುದೆಂದು ತೀರ್ಮಾನವಾಗಿತ್ತು. ನನ್ನ ಪಾತ್ರ ಯುಮೊರಿ. ಏಳು ಬಾಲದ ನರಿಕುಲದ ಯೋಧೆ. ಕುಲದ ಉಳಿವಿಗಾಗಿ ಮೌನವ್ರತ ಹಿಡಿದು, ಸರಣಿಯುದ್ದಕ್ಕೂ ತುಟಿ ಬಿಚ್ಚದವಳು.

"ಮಾತೇ ಆಡದ ಪಾತ್ರ? ನೀನು?" ಸುಕೇಶ್ ಈಗ ಮಾತ್ರ ತಲೆ ಎತ್ತಿದ. ನಕ್ಕ. ತುಂಬ ಹೊತ್ತು ನಕ್ಕ.

ಆ ನಗು ನನ್ನ ಪ್ರತಿಜ್ಞೆಯ ಬೆಂಕಿಗೆ ತುಪ್ಪ ಸುರಿಯಿತು. ಫೋನ್ ಮಾಡುವುದಿಲ್ಲ, ಬಾಯಿ ತೆರೆಯುವುದಿಲ್ಲ, ಬಹುಮಾನವಿಲ್ಲದೆ ಮನೆಗೆ ಬರುವುದಿಲ್ಲ!

ಹಳೆಯ ತಲೆದಿಂಬುಗಳ ಬೂರುಗದ ಹತ್ತಿಯೆಲ್ಲ ಬಾಲಗಳೊಳಗೆ ಸೇರಿತು. ಭಾನುವಾರ ಬೆಳಿಗ್ಗೆ, ಮಗು ಹೆದರಬಾರದೆಂದು ಬಣ್ಣ ಬಳಿದುಕೊಂಡದ್ದು ಜೋಸ್ಲಿನ್ ಮನೆಯಲ್ಲಿ. ಮಗುವನ್ನು ನೋಡಿಕೊಳ್ಳುವ ಹೊಣೆ ಹೊತ್ತ ಅತ್ತೆಗೆ ಹೇಳಿದ್ದು "ಗೆಳತಿಯರ ಒಂದು ಕಾರ್ಯಕ್ರಮ" ಎಂದಷ್ಟೇ. ಮುಖಕ್ಕೆ ಕಿತ್ತಳೆ ಬಣ್ಣ, ಕೆನ್ನೆಗೆ ಕಪ್ಪು ಪಟ್ಟೆ. ವೇಷಕ್ಕೆ ಜೇಬಿರಲಿಲ್ಲ, ಮೊಬೈಲನ್ನು ಏಳನೆಯ ಬಾಲದೊಳಗೆ ತುರುಕಿದೆ.

ಬೆಂಗಳೂರಿನಲ್ಲಿ ಓದಿ ಬೆಳೆದು ಕಾಪುವಿಗೆ ಸೊಸೆಯಾಗಿ ಬಂದ ನಾನು ಒಂದೇ ಒಂದು ಸಂಗತಿಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅದು ನವರಾತ್ರಿ. ಊರಿಡೀ ಹುಲಿವೇಷಗಳು ಅಂಗಡಿ ಅಂಗಡಿ ತಿರುಗುವ ಕಾಲ. ಮಕ್ಕಳ ಆರೋಗ್ಯಕ್ಕೆಂದು ಹರಕೆ ಹೊತ್ತು ವೇಷ ಹಾಕುವವರೂ ಅವರಲ್ಲಿ ಎಷ್ಟೋ ಜನ.

ಕಟಪಾಡಿಗೆ ಬರುವಷ್ಟರಲ್ಲಿ ಎರಡು ಬಾಲಗಳು ಸಡಿಲವಾದವು. ಪಿನ್ನು ಬೇಕಿತ್ತು. ಕಾರು ಓಡಿಸುತ್ತಿದ್ದ ಜೋಸ್ಲಿನ್ ಹೆದ್ದಾರಿ ಬದಿಯಲ್ಲಿ ಕಾರು ಬಿಟ್ಟು ಇಳಿಯುವಂತಿಲ್ಲ. ರಟ್ಟಿನ ಯಂತ್ರಮಾನವನಾಗಿದ್ದ ದೀಕ್ಷಿತಾಳನ್ನು ಸೀಟಿನಿಂದ ಎಬ್ಬಿಸಲು ಕ್ರೇನೇ ಬೇಕು. ನಾನೇ ಇಳಿದೆ.

ಫ್ಯಾನ್ಸಿ ಅಂಗಡಿಯ ಅಣ್ಣು ಎಂಬ ಹಿರಿಯರು ನನ್ನನ್ನು ಕಂಡು ಎದ್ದೇ ನಿಂತರು. "ಓಹೋ! ಹೊಸ ನಮೂನೆಯ ಹುಲಿ! ಬಾಲ ಎಷ್ಟುಂಟು ನೋಡಿ!" ಎಂದು ಕೈಗೊಂದು ನೋಟು ತುರುಕಿದರು.

ಮೌನವ್ರತದ ಯೋಧೆ ಏನು ಮಾಡಬೇಕು? ಬೇಡವೆಂದು ತಲೆಯಾಡಿಸಿದೆ.

"ಹುಲಿಗೆ ಸಾಲದಂತೆ!" ಅಣ್ಣು ಇನ್ನೊಂದು ನೋಟು ಸೇರಿಸಿದರು. ನಾನು ಇಡೀ ಮೈಯನ್ನೇ ಆಡಿಸಿ ಬೇಡವೆಂದೆ. ಬಾಲಗಳೆಲ್ಲ ಗಿರಗಿರನೆ ತಿರುಗಿದವು. ಸುತ್ತ ನೆರೆದವರು ಸಿಳ್ಳೆ ಹಾಕಿದರು. "ಎಂತ ಕುಣಿತ ಮಾರಾಯ!"

ಅಷ್ಟರಲ್ಲಿ ಅಣ್ಣು ಮೇಜಿನ ಮೇಲೆ ಕೂತಿದ್ದ ಮೊಮ್ಮಗುವನ್ನು ಎತ್ತಿ, "ಹೆದರಿಕೆ ಬಿಡ್ಲಿ" ಎಂದು ನನ್ನ ಸೊಂಟಕ್ಕೆ ಕೂರಿಸಿದರು. ಮಗು ನನ್ನ ಮುಖ ನೋಡಿತು. ಕೆಮ್ಮಿತು.

ನರಿಕುಲ ಹಾಳಾಗಿ ಹೋಗಲಿ!

"ಎಷ್ಟು ದಿನದಿಂದ ಈ ಕೆಮ್ಮು? ಹಬೆ ಕೊಟ್ರಾ? ರಾತ್ರಿ ಮೊಸರು ಹಾಕ್ತೀರಾ?" ಕೇಳುತ್ತಲೇ ಮಗುವಿನ ಬೆನ್ನಿಗೆ ಕಿವಿಯಿಟ್ಟೆ. ವೈದ್ಯ ಮಾಡುವ ಹುಲಿಯನ್ನು ಕಟಪಾಡಿ ಅಂದೇ ಮೊದಲು ಕಂಡಿರಬೇಕು.

"ಹುಲಿ ಹೆಂಗಸು!" ಅಣ್ಣು ಬೆರಗಾದರು. "ಯಾವ ಮನೆಯವರು ನೀವು?"

"ಕಾಪು. ಸುಗಂಧಿಯವರ ಸೊಸೆ. ನನ್ನ ಮಗಳಿಗೂ ಹೀಗೇ ಕೆಮ್ಮು. ಒಂದು ವಾರದಿಂದ ನನಗೆ ನಿದ್ದೆಯಿಲ್ಲ."

ಅವರ ಕಣ್ಣಲ್ಲಿ ನೀರಾಡಿತು. "ಸುಗಂಧಿ ನಮ್ಮ ಸಂಬಂಧವೇ. ಮಗಳ ಕೆಮ್ಮಿಗೆ ಹರಕೆ ವೇಷ! ಈ ಕಾಲದ ಹುಡುಗಿ!"

ಅಲ್ಲ ಎನ್ನಬೇಕಿತ್ತು. ಆದರೆ ಎನಿಮೆ, ಜಪಾನು, ನರಿಕುಲ ಎಲ್ಲಿಂದ ಶುರುಮಾಡುವುದು? ಜೋಸ್ಲಿನ್ ಕಿವಿ ಹರಿಯುವಂತೆ ಹಾರ್ನ್ ಹೊಡೆಯುತ್ತಿದ್ದಳು. "ಹೂಂ" ಎಂದುಬಿಟ್ಟೆ. ಆ ಒಂದು ಹೂಂ! ಅಣ್ಣು ದೇವರ ಪಟದ ಸೇವಂತಿಗೆ ಮಾಲೆಯನ್ನೇ ತೆಗೆದು ನನ್ನ ಕೊರಳಿಗೆ ಹಾಕಿದರು. ಪಿನ್ನಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

"ಪಿನ್ನು ತರ್ಲಿಕ್ಕೆ ಹೋದದ್ದಾ, ಮದುವೆಯಾಗ್ಲಿಕ್ಕೆ ಹೋದದ್ದಾ?" ಎಂದಳು ಜೋಸ್ಲಿನ್.

ಮಣಿಪಾಲದ ಸಭಾಂಗಣ ಸ್ವರ್ಗ! ನೀಲಿ ಕೂದಲು, ಹಸಿರು ಕಣ್ಣು, ಆಳೆತ್ತರದ ರಟ್ಟಿನ ಕತ್ತಿಗಳು. ಹುಡುಗಿಯೊಬ್ಬಳು ಓಡಿಬಂದು "ಯುಮೊರಿ!" ಎಂದು ಕಿರುಚಿ ನನ್ನೊಂದಿಗೆ ಫೋಟೋ ತೆಗೆಸಿಕೊಂಡಳು. ಎರಡು ವರ್ಷಗಳ ನಂತರ ಒಬ್ಬರು ನನ್ನನ್ನು "ಮೋಕ್ಷಾನ ಅಮ್ಮ" ಎನ್ನದೆ ಕರೆದಿದ್ದರು. ನನಗೆ ಅಳುವೇ ಬಂತು. ಯೋಧೆಯಾದ್ದರಿಂದ ನುಂಗಿಕೊಂಡೆ.

"ಮುಂದಿನವರು, ಮೌನಯೋಧೆ ಯುಮೊರಿ!"

ವೇದಿಕೆ ಹತ್ತಿದೆ. ಮೈಕಿನ ಮುಂದೆ ನಿಂತು ಸಭೆಯನ್ನು ದಿಟ್ಟಿಸಿದೆ. ಇಡೀ ಸಭಾಂಗಣ ಉಸಿರು ಬಿಗಿಹಿಡಿಯಿತು. ಆಗ ನನ್ನ ಏಳನೆಯ ಬಾಲ ನಡುಗಿತು.

ಕೆಳಗಿನಿಂದ ಜೋಸ್ಲಿನ್ ಕಣ್ಣಲ್ಲೇ ಗದರಿದಳು: ಮುಟ್ಟಬೇಡ! ಮುಟ್ಟಲಿಲ್ಲ. ನಡುಕ ನಿಂತಿತು. ಗೆದ್ದೆ! ಮತ್ತೆ ಶುರುವಾಯಿತು. ಅತ್ತೆ ಸುಮ್ಮನೆ ಎರಡನೆಯ ಸಲ ಫೋನ್ ಮಾಡುವವರಲ್ಲ. ಕೆಮ್ಮು ಕಫವಾಯಿತು, ಕಫ ಜ್ವರವಾಯಿತು, ನನ್ನ ತಲೆಯೊಳಗೆ ಆ್ಯಂಬುಲೆನ್ಸ್ ಆಗಲೇ ಉದ್ಯಾವರ ಸೇತುವೆ ದಾಟುತ್ತಿತ್ತು!

ಬಾಲವನ್ನು ಬುಡಸಮೇತ ಕಿತ್ತೆ. ಬೂರುಗದ ಹತ್ತಿ ಚಿಮ್ಮಿ ವೇದಿಕೆಯಲ್ಲಿ ಹಿಮ ಸುರಿಯಿತು. ತೀರ್ಪುಗಾರರು ಒಬ್ಬರಾದ ಮೇಲೊಬ್ಬರು ಸೀನಿದರು. ಬಾಲವನ್ನೇ ಕಿವಿಗಿಟ್ಟು ನಾನು ಕೂಗಿದೆ:

"ಹಲೋ ಅತ್ತೇ! ಕಫ ಹಳದಿಯೋ ಹಸಿರೋ?"

ಮೈಕು ತನ್ನ ಕರ್ತವ್ಯ ಮಾಡಿತು. ಸಭಾಂಗಣ ಬಿದ್ದುಬಿದ್ದು ನಕ್ಕಿತು.

"ಎಂತ ಕಫ? ಮಗು ಮಲಗಿದೆ," ಅತ್ತೆಯ ದನಿ ಗದ್ಗದ. "ಅಣ್ಣು ಫೋನ್ ಮಾಡಿದ್ದ. ಹರಕೆ ಹೊತ್ತದ್ದು ನನ್ನ ಹತ್ರ ಒಂದು ಮಾತು ಹೇಳ್ಬಾರ್ದಾ ಮಗಾ?"

ಬಹುಮಾನ ಬರಲಿಲ್ಲ. "ಯುಮೊರಿ ಮಾತಾಡುವುದಿಲ್ಲ" ಎಂದರು ತೀರ್ಪುಗಾರರು, ಮೂಗು ಒರೆಸಿಕೊಳ್ಳುತ್ತ.

ಸಂಜೆ ಮನೆಯ ಗೇಟಿನಲ್ಲಿ ಅತ್ತೆ, ಅವರ ಸೊಂಟದಲ್ಲಿ ಮೋಕ್ಷಾ, ಹಿಂದೆ ಅಕ್ಕಪಕ್ಕದ ಮನೆಯವರು. ನಾನು ನೇರ ಬಚ್ಚಲಿಗೆ ಓಡಿದೆ.

"ಬಣ್ಣ ತೊಳೀಬೇಡ!" ಅತ್ತೆ ಅಡ್ಡ ನಿಂತರು. "ಹರಕೆ ವೇಷ. ನಮ್ಮ ಊರಿನ ನಾಲ್ಕು ಮನೆಗಾದರೂ ಹೋಗದೆ ಹೇಗೆ?"

"ಅತ್ತೆ, ಇದು ಹುಲಿಯಲ್ಲ. ಜಪಾನಿನ ನರಿ."

"ಇರ್ಲಿ. ದೇವರಿಗೆ ಹುಲಿಯೂ ಒಂದೇ, ನರಿಯೂ ಒಂದೇ."

ಸುಕೇಶ್ ನನ್ನ ಏಳನೆಯ ಬಾಲವನ್ನು ಬಾಳೆನಾರಿನಲ್ಲಿ ಕಟ್ಟಿದ. ತಡೆದ ನಗುವಿಗೆ ಅವನ ಭುಜ ಕುಲುಕುತ್ತಿತ್ತು.

ಹೊರಟೆವು. ಪ್ರತಿ ಮನೆಯ ಅಂಗಳದಲ್ಲೂ ಅತ್ತೆಯದು ಒಂದೇ ಕೂಗು: "ಹೆದರ್ಬೇಡಿ, ಇದು ನಮ್ಮ ಮೋಕ್ಷಾನ ಅಮ್ಮ!" ಯಾರ ಅಮ್ಮನೂ ಅಲ್ಲದವಳು ಆ ದಿನ ಇಡೀ ಕೇರಿಗೇ ಅಮ್ಮನಾಗಿ ಪರಿಚಯವಾದಳು. ಮೋಕ್ಷಾ ಚಪ್ಪಾಳೆ ತಟ್ಟಿ ಕೇಕೆ ಹಾಕಿದಳು. ಎಲ್ಲ ಮನೆ ಮುಗಿಸಿ ಬಂದಾಗ ನನಗೆ ಥಟ್ಟನೆ ಹೊಳೆಯಿತು.

"ಅತ್ತೆ, ಇವಳು ಇವತ್ತು ಕೆಮ್ಮಲೇ ಇಲ್ವಲ್ಲ?"

"ಎಲ್ಲಿ? ನೀನು ಬೆಳಿಗ್ಗೆ ಮೆಟ್ಟಿಲಿಳಿದದ್ದೇ ನಿಂತಿತು. ಇಡೀ ದಿನ ಒಳ್ಳೆ ನಿದ್ದೆ. ಹರಕೆಯ ಶಕ್ತಿ!" ಅತ್ತೆ ಕೈಮುಗಿದರು.

ಸುಕೇಶ್ ತಾನೂ ಭಕ್ತಿಯಿಂದ ಕೈಮುಗಿದ.

"ಹೌದು ಅಮ್ಮಾ. ಗಂಟೆಗೊಮ್ಮೆ ಮೂಗಿಗೆ ಬೆರಳಿಟ್ಟು ಎಬ್ಬಿಸುವವರು ಇರ್ಲಿಲ್ಲ ನೋಡು. ನಿಖಿತಾ, ಬರುವ ವರ್ಷ ಆ ಮೇಳ ಎರಡು ದಿನ ಇಡ್ಲಿಕ್ಕೆ ಹೇಳು!"